ಹೊಳೆ ಇಳಿದ ಮೇಲೂ ಬನ್ನಿ: ದಾನಿಗಳಿಗೆ ಮುನವಳ್ಳಿಯಿಂದ ಬಹಿರಂಗ ಪತ್ರ

ಮಾನ್ಯ ದಾನಿಗಳೇ,

ಮೊದಲು ನಿಮ್ಮ ಋಣ ನೆನೆಯುತ್ತೇನೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ದಂಡೆ ಮೀರಿ ನಮ್ಮ ಮುನವಳ್ಳಿಗೆ ನುಗ್ಗಿತು. ಹೊಳೆ ಹರಿಯುವ ದಿಕ್ಕಿನಲ್ಲೇ ರಾಮದುರ್ಗದವರೆಗೆ ಮನೆ, ಹೊಲ, ಮಗ್ಗ ಎಲ್ಲವೂ ನೀರುಪಾಲಾದವು. ಆಗ ನೀವು ಯಾರೂ ಕರೆಯಲೆಂದು ಕಾಯಲಿಲ್ಲ. ಹೊಳೆ ಕಾಣದ ಊರುಗಳ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿದು, ಖಡಕ್ ಮಾಡಿ, ಶೇಂಗಾ ಹಿಂಡಿಯ ಜೊತೆ ಗಂಟು ಕಟ್ಟಿ ಕಳಿಸಿದರು. ಆ ಬುತ್ತಿ ಕಟ್ಟಿದವರಿಗೆ ಹಸಿವಿನ ಲೆಕ್ಕ ಗೊತ್ತಿತ್ತು. ಒಲೆ ಕೊಚ್ಚಿಹೋದವಳಿಗೆ ಅಕ್ಕಿ, ಬೇಳೆ ಕೊಟ್ಟರೆ ಬೇಯಿಸುವುದೆಲ್ಲಿ? ಖಡಕ್ ರೊಟ್ಟಿಗೆ ಬೆಂಕಿ ಬೇಡ, ವಾರಗಟ್ಟಲೆ ಕೆಡುವುದೂ ಇಲ್ಲ. ಪಡೆಯುವವರ ಮನೆಯೊಳಗೆ ನಿಂತು ಯೋಚಿಸಿದ ದಾನ ಅದು.

ಅದೇ ಯೋಚನೆ ಇನ್ನೂ ನಾಲ್ಕು ಹೆಜ್ಜೆ ಮುಂದೆ ಬರಲಿ ಎಂದು ಕೇಳಲು ಈ ಪತ್ರ.

ನೆರೆ ಇಳಿದ ಮೇಲೆಯೇ ನಮ್ಮ ಕಡೆ ಹೆಚ್ಚು ಗೋಡೆ ಬೀಳುತ್ತವೆ. ಕಲ್ಲು ಮಣ್ಣಿನ ಗೋಡೆ ನೀರು ಕುಡಿದು ನಿಂತಿರುತ್ತದೆ. ಬಿಸಿಲು ಬಿದ್ದು ಒಣಗತೊಡಗಿದಾಗ ಬಿರಿದು ಕುಸಿಯುತ್ತದೆ. ಅಷ್ಟರಲ್ಲಿ ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರ ಮುಚ್ಚಿರುತ್ತದೆ, ಮಕ್ಕಳು ಓದಲು ಬರಬೇಕಲ್ಲ. ನಿಮ್ಮ ಲಾರಿಗಳೂ ಹೋಗಿರುತ್ತವೆ. ಬಟ್ಟೆಯ ರಾಶಿಯಲ್ಲಿ ಯಾರೂ ಉಡದ ಹಳೆಯದಷ್ಟೇ ಉಳಿದಿರುತ್ತದೆ.

ಆ ವರ್ಷ ಸರಕಾರ ತುರ್ತು ಪರಿಹಾರವಾಗಿ 10,000 ರೂಪಾಯಿ ಕೊಟ್ಟಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ದೊಡ್ಡ ಮೊತ್ತವೇ, ಇಲ್ಲವೆನ್ನುವುದಿಲ್ಲ. ಆದರೆ ಅದು ಕೈಗೆ ಬರುವುದು ಕಟ್ಟಡ ಮೇಲೆದ್ದಂತೆ, ಕಂತು ಕಂತಾಗಿ. ಮೊದಲ ಕಂತು ಮುಗಿದು ಮುಂದಿನದು ಬರುವವರೆಗೆ ಗವಂಡಿಗೆ, ಸಿಮೆಂಟಿಗೆ ಹಣ ಎಲ್ಲಿಂದ? ಮನೆಯ ಹಕ್ಕಿನ ದಾಖಲೆಯಾದ ಉತಾರ ಇನ್ನೂ ಸತ್ತ ಅಜ್ಜನ ಹೆಸರಿನಲ್ಲೇ ಇದ್ದು, ಅಣ್ಣತಮ್ಮಂದಿರ ಸಹಿ ಆಗದಿದ್ದರೆ? ಬಾಡಿಗೆ ಮನೆಯಲ್ಲಿದ್ದವರ ಪಾಲಿಗಂತೂ ಮನೆಯ ಪರಿಹಾರ ಎಂಬುದೇ ಇಲ್ಲ. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗದಲ್ಲಿ ಕೆಸರು ತುಂಬಿದ ನೇಕಾರನಿಗೆ ಮನೆ ನಿಂತರೂ ದುಡಿಮೆ ನಿಲ್ಲುತ್ತದೆ.

ಇಂಥ ಹೊತ್ತಿನಲ್ಲಿ ತಪ್ಪದೆ ಬಾಗಿಲಿಗೆ ಬರುವವರು ಸಾಲ ಕೊಡುವ ಮೈಕ್ರೋ ಫೈನಾನ್ಸಿನವರು. ಉತಾರ ಕೇಳುವುದಿಲ್ಲ, ಆಧಾರ್ ಸಾಕು. ಹತ್ತು ಹೆಣ್ಣುಮಕ್ಕಳು ಗುಂಪು ಕಟ್ಟಿ ಒಬ್ಬರಿಗೊಬ್ಬರು ಜಾಮೀನಾದರೆ ಆಯಿತು. ಆಮೇಲೆ ವಾರ ಬಂತೆಂದರೆ ಕಂತು. ಒಂದು ಸಾಲ ತೀರಿಸಲು ಇನ್ನೊಂದು. ಒಬ್ಬಾಕೆ ತಪ್ಪಿಸಿದರೆ ಉಳಿದವರೆಲ್ಲ ಅವಳ ಬಾಗಿಲಲ್ಲಿ ನಿಲ್ಲಬೇಕು, ಮೊನ್ನೆಯವರೆಗೆ ಹಿಟ್ಟು ಕಡ ಕೊಟ್ಟ ನೆರೆಮನೆಯವಳೂ ಸೇರಿ. ಸಾಲ ನಮ್ಮ ಓಣಿಗಳಿಂದ ಕಸಿದುಕೊಂಡದ್ದು ಹಣಕ್ಕಿಂತ ಹೆಚ್ಚಾಗಿ ಈ ಕಡ ಕೊಡುವ ಸಂಬಂಧವನ್ನು. ವಸೂಲಿಯ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು: ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದಾಯಿತು. ಆದರೆ ಅದರಲ್ಲಿ ಸಾಲದಿಂದ ಬಿಡುಗಡೆ ಇರುವುದು ನೋಂದಣಿಯಿಲ್ಲದವರು ಕೊಟ್ಟದ್ದಕ್ಕೆ ಮಾತ್ರ. ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಸಂಸ್ಥೆಗಳ ಕಂತು ಕಟ್ಟಲೇಬೇಕು.

ಸಂಕಟ ಮುಗಿಯುವವರೆಗೆ ಜೊತೆಗಿರುವ ದಾನ ನಮ್ಮ ಸೀಮೆಗೆ ಹೊಸತಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ಬಡ ಹುಡುಗರಿಗಾಗಿ ಪ್ರಸಾದ ನಿಲಯ ನಡೆಸಿದರು. ಅಲ್ಲಿ ಉಂಡು ಓದು ಮುಗಿಸಿದವರು ತಮ್ಮ ತಮ್ಮ ಮನೆ ಎತ್ತಿ ನಿಲ್ಲಿಸಿದರು. ಇಳಕಲ್ಲಿನ ಮಹಾಂತಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡಿದ್ದು ಜನರ ಚಟಗಳನ್ನು. ಗಂಡ ಕುಡಿತ ಬಿಟ್ಟ ಮನೆಗೆ ತಿಂಗಳು ತಿಂಗಳು ಎಷ್ಟು ಉಳಿಯಿತೆಂದು ಆ ಮನೆಯಾಕೆಯನ್ನೇ ಕೇಳಬೇಕು. ಈ ಇಬ್ಬರೂ ಒಂದು ಮನೆ ಎಲ್ಲಿ ಸೋರುತ್ತದೆ ಎಂದು ನೋಡಿ ಕೈ ಇಟ್ಟವರು.

ನೀವೂ ಹಾಗೇ ಬನ್ನಿ. ನೆರೆಯ ವಾರದಲ್ಲಿ ಅರ್ಧ ಲಾರಿ ತಂದರೆ ಸಾಕು, ಉಳಿದರ್ಧದ ಹಣವನ್ನು ದೀಪಾವಳಿಯ ತನಕ ಕಾಯ್ದಿಡಿ. ಅಷ್ಟರಲ್ಲಿ ಯಾವ ಗೋಡೆ ಬಿತ್ತು, ಯಾರ ಮಗಳು ಕಾಲೇಜು ಬಿಟ್ಟು ಕೂಲಿಗೆ ಹೊರಟಳು ಎಂಬುದು ಗೊತ್ತಾಗಿರುತ್ತದೆ. ಫಲಾನುಭವಿಗಳ ಪಟ್ಟಿಯನ್ನು ಊರಿನ ಮುಖಂಡರ ಕಟ್ಟೆಯ ಮೇಲೆ ಬರೆಯಬೇಡಿ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳನ್ನೂ ಅಂಗನವಾಡಿ ಅಕ್ಕನನ್ನೂ ಕೂಡಿಸಿಕೊಂಡು ಬರೆಯಿರಿ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ತಾಳಿ ಅಡವಿನಲ್ಲಿದೆ ಎಂದು ಅವರಿಗೆ ಗೊತ್ತು. ಉತಾರ ಬದಲಿಸಲು ಓಡಾಡುವ ಒಬ್ಬ ವಕೀಲರನ್ನು ಒಂದು ವರ್ಷಕ್ಕೆ ನೇಮಿಸಿ ಕೊಡಿ. ಪರಿಹಾರದ ಒಂದು ಕಂತಿಗೂ ಇನ್ನೊಂದು ಕಂತಿಗೂ ನಡುವಿನ ತಿಂಗಳುಗಳಿಗೆ ಸಂಘದ ಕೈಯಲ್ಲಿ ಬಡ್ಡಿಯಿಲ್ಲದ ಗಂಟು ಇಡಿ. ಮನೆ ಎದ್ದವರು ತಿರುಗಿಸಿದ ಹಣ ಮುಂದಿನ ಮನೆಗೆ ಹೋಗಲಿ. ಕೊಡುವಾಗ ಫೋಟೋ ತೆಗೆಯಬೇಡಿ. ಕಿಟ್ ಹಿಡಿದು ನಿಂತ ತಾಯಿಯ ಮುಖವನ್ನು ಅವಳ ಬೀಗರೂ ನೋಡುತ್ತಾರೆ.

ಮುಂದಿನ ಮಳೆಗಾಲಕ್ಕೆ ಮೊದಲೇ ಒಮ್ಮೆ ಬಂದರೆ, ಯಾವ ಓಣಿಗೆ ವಸೂಲಿಯವರು ಯಾವ ವಾರ ಬರುತ್ತಾರೆ ಎಂಬುದನ್ನು ನಾವೇ ಜೊತೆಗೆ ಬಂದು ತೋರಿಸುತ್ತೇವೆ.

ಇಂತಿ,
ಮುನವಳ್ಳಿಯ ನಿವಾಸಿ