ಚಕ್ಕುಲಿ ಸಹಿಯ ಸಾಹೇಬರಿಗೊಂದು ಬಹಿರಂಗ ಪತ್ರ

ಬಸವೇಶ್ವರನಗರ
ಸೋಮವಾರ ರಾತ್ರಿ

ಮಾನ್ಯರೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ. ಗೊತ್ತಾಗಬಾರದೆಂದೇ ತಾವು ಹಾಗೆ ಸಹಿ ಹಾಕಿದಂತಿದೆ. 1994ರಲ್ಲಿ ನನ್ನ ಮಗಳ ಜನನ ಪ್ರಮಾಣಪತ್ರದ ಕೆಳಗೆ, ನೇರಳೆ ಸೀಲಿನ ಮೇಲೆ, ತಾವು ಎರಡೂವರೆ ಸುತ್ತು ಸುತ್ತಿ ಒಂದು ಬಾಲ ಎಳೆದಿದ್ದೀರಿ. ನನ್ನ ಹೆಂಡತಿ ಅದನ್ನು ನೋಡಿದವಳೇ "ಚಕ್ಕುಲಿ" ಅಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ತಾವು ಚಕ್ಕುಲಿ ಸಾಹೇಬರು.

ಇವತ್ತು ನಾಲ್ಕನೇ ಸಲ ಬರಿಗೈಲಿ ವಾಪಸು ಬಂದೆ. ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ತಮ್ಮಷ್ಟು ಸೊಟ್ಟಗಿರಲಾರದು.

ವಿಷಯ ಇಷ್ಟೇ. ಮಗಳು ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹೆಸರು ನೋಂದಾಯಿಸಿಕೊಳ್ಳಲು ಅಲ್ಲಿಯ ನಗರಸಭೆಗೆ ಜನನ ಪತ್ರ ಬೇಕು, ಅದರ ಮೇಲೆ ಅಪೋಸ್ಟಿಲ್ ಎಂಬ ದೃಢೀಕರಣ ಬೇಕು. 1961ರ ಅಕ್ಟೋಬರ್ 5ರಂದು ಅದೇ ದೇಶದ ಹೇಗ್ ನಗರದಲ್ಲಿ ಆದ ಒಪ್ಪಂದದಿಂದ ಬಂದದ್ದು ಇದು. ಒಬ್ಬರ ಕಾಗದವನ್ನು ಇನ್ನೊಬ್ಬರು ಒಪ್ಪೋದು ಹೇಗ್ ಅಂತ ಯಾರೋ ನಮ್ಮ ಕಡೆಯವರು ಕೇಳಿರಬೇಕು, ಅದೇ ಹೆಸರು ನಿಂತಿದೆ. ನಮ್ಮ ದೇಶಕ್ಕೆ ಅದು ಅನ್ವಯವಾದದ್ದು 2005ರ ಜುಲೈ 14ರಿಂದ. ರಾಯಭಾರ ಕಚೇರಿಗಳಿಗೆ ಅಲೆಯಬೇಕಾಗಿಲ್ಲ, ವಿದೇಶಾಂಗ ಸಚಿವಾಲಯದ ಒಂದು ಸ್ಟಿಕ್ಕರ್ ಸಾಕು. ಸರ್ಕಾರಿ ಶುಲ್ಕ 50 ರೂಪಾಯಿ, ಮಸಾಲೆದೋಸೆಗಿಂತ ಅಗ್ಗ. ಮುಂಚೆ ಬೇರೆ ಊರಿಗೆ ಕಳಿಸಬೇಕಿತ್ತಂತೆ, 2019ರ ಜನವರಿಯಿಂದ ಬೆಂಗಳೂರಿನಲ್ಲೇ ಆಗುತ್ತದೆ. ಇಷ್ಟನ್ನು ಓದಿಕೊಂಡು ನಾನು ಮೊದಲನೇ ದಿನ ಹೆಂಡತಿಗೆ "ಊಟಕ್ಕೆ ಬಂದ್ಬಿಡ್ತೀನಿ, ಸಾರಿಗೆ ಈಗಲೇ ಒಗ್ಗರಣೆ ಹಾಕ್ಬೇಡ" ಅಂದು ಹೊರಟೆ.

ಆ ಸ್ಟಿಕ್ಕರಿಗೆ ಮುಂಚೆ ರಾಜ್ಯದವರ ಸೀಲು ಬೀಳಬೇಕು. ಅದು ಬೀಳುವ ಮುಂಚೆ ತಮ್ಮ ಚಕ್ಕುಲಿ ಅಸಲಿಯೋ ನಕಲಿಯೋ ಅಂತ ತಾಳೆ ನೋಡಬೇಕು. ಇದು ನನಗೆ ಗೊತ್ತಿರಲಿಲ್ಲ.

ಯಾವ ಕಚೇರಿ ಎಂದು ಬರೆಯುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ಮೊದಲನೇ ಸಲ ಕೌಂಟರಿನಲ್ಲಿದ್ದ ಹೆಣ್ಣುಮಗಳು ಪತ್ರವನ್ನು ಬೆಳಕಿಗೆ ಹಿಡಿದು, "ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದೀರಲ್ಲ ಸಾರ್, ಸೀಲ್ ಎಲ್ಲಿ ಒತ್ತೋದು?" ಅಂದರು. ನ್ಯಾಯವಾದ ಪ್ರಶ್ನೆ. ನಮ್ಮ ತಲೆಮಾರಿಗೆ ಅಮೂಲ್ಯವಾದದ್ದೇನು ಸಿಕ್ಕರೂ ಲ್ಯಾಮಿನೇಟ್ ಮಾಡಿಸುವ ರೋಗ. ಆ ರಾತ್ರಿ ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಸಣ್ಣ ಕಾವಿಗಿಟ್ಟು, ಮೇಲೊಂದು ಹಳೇ ಪಂಚೆ ಹೊದಿಸಿ ಉಜ್ಜಿದೆ. ಹೆಂಡತಿ ಚಾಕುವಿನ ತುದಿಯಿಂದ ಒಂದು ಮೂಲೆ ಎಬ್ಬಿಸಿದಳು. ಒಂದೂವರೆ ಗಂಟೆ ಇಬ್ಬರೂ ಉಸಿರು ಬಿಗಿಹಿಡಿದು ಎಳೆದೆವು. ಬಂತು. ಬಹುಮಟ್ಟಿಗೆ ಬಂತು.

ಎರಡನೇ ಸಲ: "ಈ ಸಹಿಯ ಮಾದರಿ ನಮ್ಮ ಹತ್ರ ಇಲ್ಲ. ಹೊಸ ಪ್ರತಿ ತನ್ನಿ." ತಂದೆ. ಅದು ಕಂಪ್ಯೂಟರಿನದು, ಮೂಲೆಯಲ್ಲಿ ಹುಳು ಹರಿದಾಡಿದ ಹಾಗೆ ಒಂದು ಕಪ್ಪು ಚೌಕ. ಮೂರನೇ ಸಲ: "ಇದರಲ್ಲಿ ಪೆನ್ನಿನ ಸಹಿ ಎಲ್ಲಿದೆ?" ಹಳೆಯದರಲ್ಲಿ ಸಹಿ ಇದೆ, ನಂಬಿಕೆ ಇಲ್ಲ. ಹೊಸದರಲ್ಲಿ ನಂಬಿಕೆ ಇದೆಯಂತೆ, ಸಹಿ ಇಲ್ಲ. ಇವತ್ತು ಅಲ್ಲಿಯ ಸಾಹೇಬರು ಮೀಟಿಂಗ್ ಮುಗಿಸಿ, ಊಟ ಮುಗಿಸಿ, ಮೂರೂಮುಕ್ಕಾಲಿಗೆ ಬಂದು ತೀರ್ಪು ಕೊಟ್ಟರು: "ಹಳೇದೇ ಆಗಲಿ. ಸಹಿ ಮಾಡಿದವರು ಯಾರು ಅಂತ ಪತ್ತೆ ಮಾಡ್ಕೊಂಡು ಬನ್ನಿ."

ಎಲ್ಲಿ ಹುಡುಕಲಿ ತಮ್ಮನ್ನು? ಅಷ್ಟರಲ್ಲಿ ಊರಿನ ಹೆಸರು ಬದಲಾಯಿತು, 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು. 2025ರ ಸೆಪ್ಟೆಂಬರಿನಲ್ಲಿ ಒಂದಿದ್ದ ಪಾಲಿಕೆ ಐದಾಯಿತು, ನಾವು ಪಶ್ಚಿಮದ ಪಾಲಿಗೆ ಬಿದ್ದೆವು. ಚಕ್ಕುಲಿಯೊಂದು ಮಾತ್ರ ಹಾಗೇ ಇದೆ.

ಹೊರಗೆ ಗೇಟಿನ ಹತ್ತಿರ ಒಬ್ಬ ಹುಡುಗ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡ. "ಅಂಕಲ್, ಆರೂವರೆ ಸಾವಿರ. ನೀವು ಬರೋದೇ ಬೇಡ." ಐವತ್ತು ರೂಪಾಯಿಯ ಸ್ಟಿಕ್ಕರಿಗೆ! ಸಹಿಯ ಮಾದರಿಯೇ ಇಲ್ಲವಂತಲ್ಲಪ್ಪ, ನೀನು ಹೇಗ್ ಮಾಡಿಸ್ತೀಯ ಅಂದೆ. "ಹೇಗೋ" ಅಂದ. ನಮ್ಮಲ್ಲಿ ಜಾರಿಯಲ್ಲಿರುವುದು ಹೇಗ್ ಒಪ್ಪಂದ ಅಲ್ಲ ಸಾಹೇಬರೇ, ಹೇಗೋ ಒಪ್ಪಂದ.

ಇನ್ನೊಂದು ವಿಷಯ ಇವತ್ತು ಬೆಂಚಿನ ಮೇಲೆ ಕೂತಾಗ ತಿಳಿಯಿತು. ಅಪೋಸ್ಟಿಲ್ ಇದೆಯಲ್ಲ, ಅದು ಕಾಗದದಲ್ಲಿ ಬರೆದದ್ದು ನಿಜ ಎಂದು ಹೇಳುವುದೇ ಇಲ್ಲವಂತೆ. ಸಹಿ, ಸೀಲು ಅಸಲಿ ಎಂದಷ್ಟೇ ಹೇಳುತ್ತದಂತೆ. ಅಂದರೆ ನನ್ನ ಮಗಳು ಹುಟ್ಟಿದ್ದಾಳೆ ಎಂದು ಅದು ಹೇಳುವುದಿಲ್ಲ, ಹುಟ್ಟಿದ್ದಾಳೆ ಎಂದು ಚಕ್ಕುಲಿ ಹೇಳಿದೆ ಎನ್ನುತ್ತದೆ. ಅವಳು ಹುಟ್ಟಿದ ರಾತ್ರಿ ಧೋ ಅಂತ ಮಳೆ. ಹೆರಿಗೆ ವಾರ್ಡಿನ ಹೊರಗೆ ಒದ್ದೆ ಚಪ್ಪಲಿಯಲ್ಲಿ ನಿಂತಿದ್ದವನು ನಾನು. ಒಳಗೆ ಹನ್ನೊಂದು ಗಂಟೆ ನೋವು ತಿಂದವಳು ನನ್ನ ಹೆಂಡತಿ. ಇವತ್ತು ಇಬ್ಬರೂ ಆ ಕೌಂಟರಿನ ಮುಂದೆಯೇ ನಿಂತಿದ್ದೆವು. ಒಬ್ಬರಾದರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ! ಆವತ್ತು ಎಲ್ಲೋ ಕೂತು ಕಾಫಿ ಕುಡಿಯುತ್ತಿದ್ದಿರಬಹುದಾದ ತಾವು ಸಾಕ್ಷಿ. ಹೆತ್ತವರು ಜೆರಾಕ್ಸ್ ಹಿಡಿದುಕೊಂಡು ಬಂದವರು.

ರಾತ್ರಿ ಮಗಳ ಫೋನು. "ಅಪ್ಪಾ, ಆಯ್ತಾ?" ಇಲ್ಲ ಪುಟ್ಟಿ. "ಹಂಗಂದ್ರೆ ಹೇಗಪ್ಪಾ?" ಅಂದಳು. ಅವಳ ಬಾಯಲ್ಲೂ ಅದೇ.

ಆದ್ದರಿಂದ ಸಾಹೇಬರೇ, ತಾವು ನಿವೃತ್ತರಾಗಿ ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಮೊಮ್ಮಕ್ಕಳ ಜೊತೆ ಇದ್ದರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೊಸಹಳ್ಳಿ ಮೆಟ್ರೋ ಮೆಟ್ಟಿಲ ಹತ್ತಿರ ಬನ್ನಿ. ಕೈಯಲ್ಲಿ ನೀಲಿ ಫೈಲು ಹಿಡಿದು ಕನ್ನಡಕ ಒರೆಸುತ್ತ ನಿಂತಿರುವವನು ನಾನು. ಬಿಳಿ ಹಾಳೆಯ ಮೇಲೆ ಒಂದೇ ಒಂದು ಸಲ ಸುತ್ತಿ ಕೊಡಿ. ನನ್ನ ಹೆಂಡತಿ ನಿಜವಾದ ಚಕ್ಕುಲಿ ಡಬ್ಬಿಗೆ ಹಾಕಿಕೊಡುತ್ತಾಳೆ.

ಇತಿ, ಓದಲು ಬರುವಂತೆ ಸಹಿ ಮಾಡಿರುವ,
ಒಬ್ಬ ತಂದೆ

ವಿ.ಸೂ.: ಕೌಂಟರಿನಲ್ಲಿ ಹೇಳದ ಒಂದು ಮಾತು. ಲ್ಯಾಮಿನೇಷನ್ ಬಿಡಿಸುವಾಗ ತಮ್ಮ ಚಕ್ಕುಲಿಯ ಬಾಲ ಪ್ಲಾಸ್ಟಿಕ್ಕಿನ ಜೊತೆ ಹೋಯಿತು. ಈಗ ಬರೀ ಎರಡೂವರೆ ಸುತ್ತು ಉಳಿದಿದೆ. ನಾನೇ ಎಳೆದುಬಿಡೋಣ ಅಂತ ಹಳೇ ಪೇಪರಿನ ಮೇಲೆ ಹನ್ನೊಂದು ಸಲ ಅಭ್ಯಾಸ ಮಾಡಿದ್ದೇನೆ. ಹನ್ನೊಂದನೆಯದು ಪರವಾಗಿಲ್ಲ.