ನ್ಯಾಮತಿ ಸೀಮೆಯ ಫೋರ್ಕ್‌ಲಿಫ್ಟ್‌ಗಳು: ಒಂದು ಲಕ್ಷಣ ಮೀಮಾಂಸೆ

ಭಾರವನ್ನು ನೆಲದಿಂದೆತ್ತಿ, ಒಯ್ದು, ಎತ್ತರದಲ್ಲಿ ಒಟ್ಟುವುದು ಯಾವುದೋ ಅದೇ ಫೋರ್ಕ್‌ಲಿಫ್ಟ್. ಇದು ಲಕ್ಷಣ. ಇದನ್ನು ಹಿಡಿದು ನ್ಯಾಮತಿಯ ಮೆಕ್ಕೆಜೋಳದ ಗೋದಾಮಿಗೆ ಹೋದ ಶಾಸ್ತ್ರಜ್ಞನಿಗೆ ಅತಿವ್ಯಾಪ್ತಿದೋಷ ಬಾಗಿಲಲ್ಲೇ ಎದುರಾಗುತ್ತದೆ: ಲಕ್ಷಣ ಹಮಾಲರಿಗೂ ಅನ್ವಯಿಸುತ್ತದೆ. ಲಕ್ಷಣ ತಿದ್ದುವುದು ಮೈಬಗ್ಗಿಸುವ ಕೆಲಸವಾದ್ದರಿಂದ ಹಮಾಲರನ್ನೇ ಫೋರ್ಕ್‌ಲಿಫ್ಟ್ ಎಂದು ಅಂಗೀಕರಿಸಲಾಗಿದೆ.

ಪಾಶ್ಚಾತ್ಯರು ಈ ಕುಲದ ವಂಶಾವಳಿಯನ್ನು 1917ರ ಸುಮಾರಿಗೆ ಅಮೆರಿಕದ ಕ್ಲಾರ್ಕ್ ಕಂಪನಿ ಮಾಡಿದ ಗಾಡಿಯಿಂದ ಆರಂಭಿಸುತ್ತಾರೆ. ಆ ಗಾಡಿ ಸರಕು ಒಯ್ಯುತ್ತಿತ್ತಷ್ಟೆ. ನಮ್ಮ ತಳಿ ಅದಕ್ಕಿಂತ ಹಳೆಯದು. 2017ರ ರಾಜ್ಯ ಬಜೆಟ್ಟಿನಲ್ಲಿ ನ್ಯಾಮತಿ ಹೊಸ ತಾಲ್ಲೂಕೆಂದು ಘೋಷಣೆಯಾದ ಮೇಲೆ ಹೊನ್ನಾಳಿಯಿಂದ ಕಡತಗಳು ಯಾವ ವರ್ಗದ ಯಂತ್ರದ ಬೆನ್ನೇರಿ ಬಂದವೆಂಬುದು ಸಂಶೋಧನಾರ್ಹ.

ವರ್ಗಗಳಲ್ಲಿ ಮುಖ್ಯವಾದದ್ದು ಕೌಂಟರ್‌ಬ್ಯಾಲೆನ್ಸ್. ಯಂತ್ರದಲ್ಲಿ ಹೊರೆ ಮುಂದೆ, ಪ್ರತಿಭಾರ ಹಿಂದೆ. ಮುಂಗಾಲಿಗಳೇ ಮೀಟುಗೋಲಿನ ಆಧಾರ. ಬ್ಯಾಟರಿ ಗಾಡಿಯಾದರೆ ಬ್ಯಾಟರಿಯ ತೂಕವೂ ಪ್ರತಿಭಾರಕ್ಕೇ ಜಮೆ. ನ್ಯಾಮತಿ ತಳಿಯಲ್ಲಿ ಇದು ತಿರುಗುಮುರುಗು: ಹೊರೆ ಹಿಂದೆ, ಪ್ರತಿಭಾರ ಮುಂದೆ, ಅಂದರೆ ತಲೆ. ಚೀಲದ ತೂಕ ಏರಿದಷ್ಟೂ ತಲೆ ತಗ್ಗುತ್ತದೆ. ಇದನ್ನು ಕೆಲವು ಮಂಡಿ ಮಾಲೀಕರು ವಿನಯವೆಂದು ವ್ಯಾಖ್ಯಾನಿಸಿದ್ದಾರೆ, ಅದು ಅಪವ್ಯಾಖ್ಯಾನ.

ರೀಚ್ ಟ್ರಕ್ಕಿನದು ಇಕ್ಕಟ್ಟಾದ ಓಣಿಯಲ್ಲಿ ಕೈಚಾಚಿ ಎತ್ತರಕ್ಕಿಡುವ ವಿದ್ಯೆ. ಅಲ್ಲಿ ಕಂಬ ಮೇಲೇರಿದರೂ ಚಾಲಕ ಕೆಳಗೇ ಕೂತಿರುತ್ತಾನೆ. ನಮ್ಮಲ್ಲಿ ಚೀಲಗಳನ್ನೇ ಮೆಟ್ಟಿಲಾಗಿ ಒಟ್ಟಿಕೊಂಡು ಯಂತ್ರವೇ ಹತ್ತುತ್ತದೆ. ತಗಡಿನ ಸೂರು ತಲೆಗೆ ಬಡಿದಾಗ ಲಾಟು ಮುಗಿಯಿತೆಂದು ತಿಳಿಯತಕ್ಕದ್ದು. ಪ್ಯಾಲೆಟ್ ಟ್ರಕ್ ಎಂಬುದು ತಳ್ಳುಗಾಡಿ. ಅದರ ಬಗ್ಗೆ ಶಾಸ್ತ್ರ ಬೇಕಿಲ್ಲ.

ಪೂರ್ವಪಕ್ಷ: ಕಬ್ಬಿಣದ್ದನ್ನೇ ತರಬಾರದೇಕೆ? ಸಮಾಧಾನ: ಅದಕ್ಕೆ ಸಮತಟ್ಟಾದ ಕಾಂಕ್ರೀಟ್ ನೆಲ, ಚೀಲದಡಿ ಪ್ಯಾಲೆಟ್, ತಿರುಗಲು ಮೂರೂವರೆ-ನಾಲ್ಕು ಮೀಟರ್ ಓಣಿ ಬೇಕು. ಹಮಾಲರಿಗೆ ಲಾರಿಗೆ ಒರಗಿಸಿದ ಒಂದು ಹಲಗೆ, ಕೈಯಲ್ಲೊಂದು ಕೊಕ್ಕೆ ಸಾಕು. ಮೇಲಾಗಿ ಲೆಡ್-ಆಸಿಡ್ ಬ್ಯಾಟರಿಗೆ ಎಂಟು ತಾಸು ದುಡಿದರೆ ಸುಮಾರು ಎಂಟು ತಾಸು ಚಾರ್ಜು, ಮತ್ತೆ ಅಷ್ಟೇ ಹೊತ್ತು ತಣಿಯುವ ಬಿಡುವು ಕೊಡುವುದು ರೂಢಿ. ಇಂಥ ಸೌಕರ್ಯ ಕೇಳುವ ಯಂತ್ರ ಮೆಕ್ಕೆಜೋಳದ ಸುಗ್ಗಿಗೆ ಹೊಂದದು. ನಮ್ಮದಕ್ಕೆ ಅರ್ಧ ಕಪ್ ಚಹಾ, ಒಂದು ಎಲೆಅಡಿಕೆ.

ಒಂದೇ ತೊಡಕು ಉಳಿದಿದೆ. ಕಬ್ಬಿಣದ ಯಂತ್ರದ ಮೈಮೇಲೆ ಎಷ್ಟು ಎತ್ತರಕ್ಕೆ ಎಷ್ಟು ಕಿಲೋ ಎತ್ತಬಹುದೆಂದು ಕೊರೆದ ತಗಡಿರುತ್ತದೆ. ಮೀರಿದರೆ ಯಂತ್ರ ಮುಗ್ಗರಿಸುತ್ತದೆ, ಮಾಲೀಕನಿಗೆ ನಷ್ಟ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಗಂಡಾಳಿನ ಹೊರೆಗೆ 55 ಕಿಲೋ ಎಂಬ ಮಿತಿಯನ್ನು ಶಿಫಾರಸು ಮಾಡಿತು, ಆದರೆ ತಗಡನ್ನು ಮೈಯ ಯಾವ ಭಾಗಕ್ಕೆ ಬಡಿಯಬೇಕೆಂದು ಹೇಳಲಿಲ್ಲ. ಈ ಸಂಶಯ ನಿವಾರಣೆಗಾಗಿ ಪ್ರಬಂಧಕಾರನು ಚೀಲ ಹೊತ್ತಿದ್ದ ಒಬ್ಬರನ್ನೇ, "ತಮ್ಮ ಗರಿಷ್ಠ ಸಾಮರ್ಥ್ಯವೆಷ್ಟು?" ಎಂದು ಕೇಳಲಾಗಿ ದೊರೆತ ಉತ್ತರ:

"ಲಾರಿ ತುಂಬೋ ತನಕ ಸರ್. ಸ್ವಲ್ಪ ಅತ್ಲಾಗೆ ಸರೀರಿ, ಹಲಗೆ ಮ್ಯಾಲೆ ನಿಂತೀರಿ."