ಮೈಲೇಜು ಮೀಮಾಂಸೆ: ರಾಯದುರ್ಗ ಶಾಖೆ

ಕಾರೆಂಬ ದ್ರವ್ಯಕ್ಕೆ ಬಣ್ಣ, ಬೆಲೆ, ಇಎಂಐ ಮುಂತಾದ ಅನೇಕ ಗುಣಗಳಿದ್ದರೂ, ರಾಯದುರ್ಗದಿಂದ ಮಡಕಶಿರಾದವರೆಗಿನ ಆಂಧ್ರದ ಗಡಿಸೀಮೆಯಲ್ಲಿ ವಿಚಾರಕ್ಕೆ ಯೋಗ್ಯವಾದ ಗುಣ ಒಂದೇ. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ ಪ್ರಶ್ನೆ ಬಂದಿರುತ್ತದೆ: "ಎಷ್ಟು ಕೊಡ್ತೈತಣ್ಣಾ?" ಏನನ್ನು ಎಂದು ಯಾರೂ ತಿರುಗಿ ಕೇಳುವುದಿಲ್ಲ. ಪ್ರಕೃತ ಶಾಸ್ತ್ರದ ಮೂಲಸೂತ್ರ ಅದೇ.

ಮೊದಲು ಪ್ರಮಾಣ ವಿಚಾರ. ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣ ಹೇಳಿದರು. ಮೈಲೇಜಿಗೂ ಅಷ್ಟೇ. ಶೋರೂಮಿನವರು ಹೇಳುವುದು ಶಬ್ದ ಪ್ರಮಾಣ. ಅದರ ಮೂಲ ಪುಣೆಯ ಎಆರ್‌ಎಐಯಂಥ ಸಂಸ್ಥೆಗಳ ಪರೀಕ್ಷಾಲಯ. ಅಲ್ಲಿ ಕಾರನ್ನು ರೋಲರಿನ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸುತ್ತಾರೆ. ವೇಗ 90 ಕಿ.ಮೀ. ದಾಟುವುದಿಲ್ಲ, ಎದುರಿಗೆ ಕುರಿ ಹಿಂಡು ಬರುವುದಿಲ್ಲ. ಡ್ಯಾಶ್‌ಬೋರ್ಡು ತೋರಿಸುವುದು ಅನುಮಾನ. ಪಕ್ಕದ ಮನೆಯವರ ಗಾಡಿಯನ್ನು ನೋಡಿ ಕೊರಗುವುದು ಉಪಮಾನ. ಪ್ರತ್ಯಕ್ಷವೆಂದರೆ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸುವುದು. ಅರಳಿಕಟ್ಟೆಯ ಮೇಲೆ ಹೇಳುವ ಮೈಲೇಜನ್ನು ಐದನೆಯ ಪ್ರಮಾಣವೆಂದು ಕೆಲವರು ವಾದಿಸುತ್ತಾರೆ. ಅದು ಕಾವ್ಯಕ್ಕೆ ಸೇರಿದ್ದಾದ್ದರಿಂದ ಇಲ್ಲಿ ಬಿಟ್ಟಿದೆ.

ಇನ್ನು ದೋಷಗಳು. ಇವುಗಳಲ್ಲಿ ರಾಜ ಪಾದದೋಷ. ಕುರಿ ಹಿಂಡು ದಾಟಿದ ಕೂಡಲೇ ಕಳೆದ ಹೊತ್ತನ್ನೆಲ್ಲ ವಸೂಲು ಮಾಡುವವನಂತೆ ಎಕ್ಸಲರೇಟರ್ ಒತ್ತಿ, ಮುಂದಿನ ಎಮ್ಮೆಯ ಬಾಲದ ಹತ್ತಿರ ಗಕ್ಕನೆ ಬ್ರೇಕ್ ಹಾಕುವ ಕಾಲು ಇದರ ಲಕ್ಷ್ಯ. ದುಡ್ಡು ಕೊಟ್ಟು ಗಳಿಸಿದ ವೇಗ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ, ಅಷ್ಟೇ. ಬಳ್ಳಾರಿ ರಸ್ತೆ ಖಾಲಿ ಸಿಕ್ಕಿದಾಗ ಇದರ ಉಪಭೇದ ಪ್ರಕಟವಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 80ರಿಂದ 100ಕ್ಕೆ ಹೋದರೆ ವೇಗ ಕಾಲುಪಾಲು ಹೆಚ್ಚುತ್ತದೆ, ತಡೆ ಅರ್ಧಕ್ಕಿಂತಲೂ ಹೆಚ್ಚುತ್ತದೆ.

ಇದಕ್ಕೆ ವಿರುದ್ಧವಾದದ್ದು ನ್ಯೂಟ್ರಲ್ ಪಂಥ. ಇಳಿಜಾರು ಕಂಡರೆ ಗೇರ್ ತಪ್ಪಿಸಿ ಗಾಡಿಯನ್ನು ದೇವರಿಗೆ ಬಿಡುವ ಇವರಲ್ಲಿ ಹಿರಿಯರೇ ಹೆಚ್ಚು. ಕಾರ್ಬ್ಯುರೇಟರ್ ಕಾಲದಲ್ಲಿ ಇವರ ಮಾತಿಗೆ ಬೆಲೆಯಿತ್ತು. ಈಗಿನ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು, ಕಾಲು ತೆಗೆದರೆ, ಇಳಿಜಾರಿನಲ್ಲಿ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲೆಂದು ಕುಡಿಯುತ್ತಲೇ ಇರುತ್ತದೆ. ಬ್ರೇಕಿನ ಮೇಲೆ ಬೀಳುವ ಭಾರ ಬೇರೆ. ಈ ಮತ ಖಂಡಿತವಾಯಿತು.

ಭಾರದೋಷವನ್ನು ಜನ ಅತಿಯಾಗಿ ದೂರುತ್ತಾರೆ. ಸುಮಾರು 45 ಕಿಲೋಗೆ ನೂರಕ್ಕೆ ಒಂದರಷ್ಟು ನಷ್ಟ. ಡಿಕ್ಕಿಯಲ್ಲಿರುವುದು ರಾಯದುರ್ಗದ ಜೀನ್ಸ್ ಕಟ್ಟಾಗಲಿ, ಮಡಕಶಿರಾದ ಕಡ್ಲೆಕಾಯಿ ಮೂಟೆಯಾಗಲಿ, ಲೆಕ್ಕ ಅದೇ. ಹಿಂದಿನ ಸೀಟಿನ ಭಾವಮೈದನನ್ನು ಕೆಳಗಿಳಿಸಲು ಇದು ಸಾಕಾದ ಕಾರಣವಲ್ಲ. ಟೈರಿನ ಗಾಳಿಯೂ ಹಾಗೇ: ನಾಲ್ಕರಲ್ಲೂ ಹತ್ತು ಪೌಂಡ್ ಇಳಿದರೆ ನೂರಕ್ಕೆ ಎರಡರಷ್ಟು ಹೋಗುತ್ತದೆ. ಸಣ್ಣದೇ, ಆದರೆ ಟೈರೂ ಬೇಗ ಸವೆಯುತ್ತದೆ. ಎಸಿ ಮಾತ್ರ ನಿಜವಾದ ಹೊಟ್ಟೆಬಾಕ. 40 ಡಿಗ್ರಿ ಬಿಸಿಲಲ್ಲಿ ನಿಂತು ಕಾದ ಗಾಡಿಯನ್ನು ಹತ್ತಿ ಬಜಾರಿನವರೆಗೆ ಮಾತ್ರ ಹೋಗಿಬರುವವರ ಮೈಲೇಜಿನಲ್ಲಿ ಅದು ಕಾಲುಭಾಗವನ್ನೂ ನುಂಗಬಲ್ಲದು. ಮೊದಲು ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ.

ಎಥನಾಲ್ ದೋಷ ದೈವಿಕ. ಲೀಟರಿಗೆ ಲೀಟರು ನೋಡಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಶೇ. 20 ಬೆರೆಸಿದ ಪೆಟ್ರೋಲಿನಿಂದ ಹಳೆಯ ಕಾರುಗಳಿಗೆ ಶೇ. 6-7, ಅದಕ್ಕೆ ಹೊಂದಿಸಿದವಕ್ಕೆ ಶೇ. 1-2 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಋತುದೋಷವೊಂದಿದೆ: ಸುಗ್ಗಿಯಲ್ಲಿ ರಸ್ತೆ ತುಂಬ ಹರಡಿದ ಹುರುಳಿ. ರೈತನಿಗೆ ಪುಕ್ಕಟೆ ಒಕ್ಕಣೆ, ನಮ್ಮ ಚಕ್ರಕ್ಕೆ ಮರಳಿನಲ್ಲಿ ಓಡಿದ ಆಯಾಸ. ದಾಟಿದ ಮೇಲೆ ಇಳಿದು ಬಗ್ಗಿ ನೋಡಬೇಕು. ಬಳ್ಳಿ ಸೈಲೆನ್ಸರಿಗೆ ಸುತ್ತಿಕೊಂಡು ಹೊಗೆಯಾಡಿದರೆ ಹೋಗುವುದು ಮೈಲೇಜಲ್ಲ, ಗಾಡಿಯೇ.

ಕೊನೆಯದು ಗಡಿದೋಷ, ಈ ಶಾಖೆಯ ಸ್ವಂತ ಕೊಡುಗೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು. ಆ ಗೆರೆ ಎಳೆದವರು ಬಂಕುಗಳನ್ನು ನೆನೆದು ಎಳೆದಿರಲಾರರು. ಆಂಧ್ರದಲ್ಲಿ ಪೆಟ್ರೋಲಿಗೆ ಶೇ. 31 ವ್ಯಾಟ್, ಮೇಲೆ ಲೀಟರಿಗೆ ನಾಲ್ಕು ರೂಪಾಯಿ, ರಸ್ತೆ ಸೆಸ್ ಬೇರೆ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಏರಿಸಿದ ಮೇಲೂ ಶೇ. 29.84. ಹಾಗಾಗಿ ಲೀಟರಿಗೆ ಐದು ರೂಪಾಯಿ ಉಳಿಸಲು ಗಾಡಿಗಳು ಪಶ್ಚಿಮಾಭಿಮುಖವಾಗುತ್ತವೆ. ಮೂರು ದಿಕ್ಕಿಗೂ ಕರ್ನಾಟಕವೇ ಇರುವ ಮಡಕಶಿರಾದವರಿಗೆ ಆಸೆಯೂ ಮೂರು ದಿಕ್ಕಿನಿಂದ.

ಲೆಕ್ಕ ಹಾಕೋಣ. 30 ಲೀಟರ್ ಹಾಕಿಸಿದರೆ ಉಳಿತಾಯ 150 ರೂಪಾಯಿ. ಬಂಕಿಗೆ ಹೋಗಿಬರಲು 30 ಕಿಲೋಮೀಟರ್, ಗಾಡಿ ಕೊಡುವುದು 20 ಎಂದರೆ ಒಂದೂವರೆ ಲೀಟರು ದಾರಿಗೇ ಹೋಯಿತು. ಅದರ ಬೆಲೆ ಅಲ್ಲಿನ ದರದಲ್ಲೂ 150 ದಾಟುತ್ತದೆ. ಅಲ್ಲಿ ಕುಡಿದ ಚಹಾ, ತಿಂದ ಮಿರ್ಚಿ ಲೆಕ್ಕಕ್ಕಿಲ್ಲ. ಮೊಳಕಾಲ್ಮುರಿನಲ್ಲೋ ಬಳ್ಳಾರಿಯಲ್ಲೋ ಬೇರೆ ಕೆಲಸವಿದ್ದರೆ ಅಲ್ಲೇ ಹಾಕಿಸಿಕೊಂಡು ಬನ್ನಿ. ಇಲ್ಲದಿದ್ದರೆ ಊರಲ್ಲೇ ಹಾಕಿಸಿ, ಹಾಗೇ ನಾಲ್ಕೂ ಚಕ್ರದ ಗಾಳಿ ನೋಡಿಸಿ.